ಮಾನಿಟರ್ ನೋಡಿದೆ, ಮಗುವನ್ನು ನೋಡಲಿಲ್ಲ. ಮಕ್ಕಳ ಎಮರ್ಜೆನ್ಸಿ ಕಲಿಯುವುದು ಹೇಗೆ?

ಕೊನೇ_ವರ್ಷ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಾನು ಮೆಡಿಕಲ್ ಕೊನೇ ವರ್ಷದಲ್ಲಿದ್ದೇನೆ. ಮಕ್ಕಳ ತುರ್ತು ವಿಭಾಗದಲ್ಲಿ ನಾಲ್ಕು ವಾರದ ಪೋಸ್ಟಿಂಗ್. ಮೊದಲನೇ ವಾರವೇ ಇದು ನಡೆಯಿತು. ಒಬ್ಬ ತಾಯಿ ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ಬಂದರು. ಎರಡು ದಿನದಿಂದ ವಾಂತಿ, ಭೇದಿ. ನಾನೇ ಮೊದಲು ನೋಡಿದ್ದು. ಬೆರಳಿಗೆ ಕ್ಲಿಪ್ ಹಾಕಿದೆ, ಆಕ್ಸಿಜನ್ 97 ಇತ್ತು. ಬಿಪಿ ನೋಡಿದೆ, ಸರಿಯಾಗಿತ್ತು. ಮಗು ಅಳದೆ ಸುಮ್ನೆ ಮಲಗಿತ್ತು. ಹಾಳೆಯ ಮೇಲೆ 'ಸ್ಟೇಬಲ್' ಎಂದು ಬರೆದು ಮುಂದಿನ ಹಾಸಿಗೆಗೆ ಹೋದೆ.

ಆಗ ಒಬ್ಬರು ಸಿಸ್ಟರ್ ಆ ಕಡೆ ಹಾದು ಹೋದರು. ಎರಡು ಹೆಜ್ಜೆ ದೂರದಿಂದ ಒಂದು ಸಲ ನೋಡಿದರು ಅಷ್ಟೇ. ಮಗುವನ್ನು ಎತ್ತಿಕೊಂಡು ಸೀದಾ ಒಳಗೆ ಓಡಿದರು. ಕೈಕಾಲು ತಣ್ಣಗಿತ್ತು. ಬೆರಳನ್ನು ಒತ್ತಿ ಬಿಟ್ಟರೆ ಬಣ್ಣ ಮರಳುವುದಕ್ಕೆ ಐದು ಸೆಕೆಂಡ್ ಬೇಕಾಯಿತು. ನಾಡಿ 190. ಎಲ್ಲರೂ ಓಡಾಡುತ್ತಿದ್ದರು, ನನಗೆ ಮಾತ್ರ ಕೈಕಾಲೇ ಆಡಲಿಲ್ಲ. ಗೋಡೆಗೆ ಒರಗಿ ನಿಂತುಬಿಟ್ಟೆ.

ಮಗು ಉಳಿಯಿತು. ಮೂರನೇ ದಿನ ನಗುತ್ತಾ ಮನೆಗೆ ಹೋಯಿತು. ಆದರೆ ನನಗೆ ಇನ್ನೂ ಸರಿಯಾಗಿ ನಿದ್ದೆ ಬರುತ್ತಿಲ್ಲ. ಶಾಕ್‌ನ ಹಂತಗಳನ್ನು ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ಬರೆದವನು ನಾನು. ಶಾಕ್ ಎಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ. ಕಣ್ಣ ಮುಂದೆ ಶಾಕ್ ಇದ್ದಾಗ ಗೊತ್ತಾಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಆ ಸಿಸ್ಟರ್‌ಗೆ ಕಂಡಿದ್ದು ಏನು? ಅದನ್ನು ಯಾರಾದರೂ ಕಲಿಸಬಹುದಾ, ಅಥವಾ ವರ್ಷಗಟ್ಟಲೆ ಕೆಲಸ ಮಾಡಿದರೆ ಮಾತ್ರ ಬರುತ್ತದಾ? ನನಗೆ ಉಳಿದಿರುವುದು ಮೂರು ವಾರ.

ಮಕ್ಕಳ_ಎಮರ್ಜೆನ್ಸಿ_ಡಾಕ್ಟರ್

ಮೊದಲು ಒಂದು ಮಾತು. ನಿದ್ದೆ ಬರುತ್ತಿಲ್ಲ ಎಂದರೆ ನಿಮಗೆ ಕಾಳಜಿ ಇದೆ ಎಂದರ್ಥ. ನೀವು ತಪ್ಪಿಸಿಕೊಂಡದ್ದನ್ನು ನಾನೂ ತಪ್ಪಿಸಿಕೊಂಡಿದ್ದೇನೆ, ನನ್ನ ಗುರುಗಳೂ ತಪ್ಪಿಸಿಕೊಂಡಿದ್ದರು.

ಕಲಿಸಬಹುದು. ಖಂಡಿತ ಕಲಿಸಬಹುದು. ಆದರೆ ನಾವು ಕಲಿಸುವ ಕ್ರಮವೇ ತಿರುವುಮುರುವಾಗಿದೆ. ಮೊದಲು ಕಾಯಿಲೆಗಳ ಪಟ್ಟಿ, ಆಮೇಲೆ ಡೋಸ್, ಕೊನೆಗೆ ಸಮಯ ಉಳಿದರೆ ಮಗು.

ನಿಮ್ಮ ಬಿಪಿ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಮೋಸ ಆಗಿದ್ದು ಅಲ್ಲೇ. ಮಗುವಿನ ದೇಹದಲ್ಲಿ ನೀರು ಕಡಿಮೆಯಾದಾಗ ರಕ್ತನಾಳಗಳು ಬಿಗಿಯಾಗುತ್ತವೆ, ಹೃದಯ ಜೋರಾಗಿ ಓಡುತ್ತದೆ. ಹಾಗೆ ಬಿಪಿಯನ್ನು ತುಂಬಾ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಕೈಕಾಲು ತಣ್ಣಗಾಗುವುದು. ಬಿಪಿ ಬೀಳುವ ಹೊತ್ತಿಗೆ ಮಗುವಿನ ಹತ್ತಿರ ಏನೂ ಉಳಿದಿರುವುದಿಲ್ಲ. ಒಂದು ವರ್ಷದಿಂದ ಹತ್ತು ವರ್ಷದವರೆಗಿನ ಮಕ್ಕಳಿಗೆ ವಯಸ್ಸನ್ನು ಎರಡರಿಂದ ಗುಣಿಸಿ 70 ಸೇರಿಸಿದರೆ ಬರುವುದು ಮೇಲಿನ ಬಿಪಿಯ ಕೆಳಗಿನ ಗಡಿ. ಒಂದು ತಿಂಗಳಿಂದ ಒಂದು ವರ್ಷದವರೆಗೆ ಅದು 70. ಬಿಪಿ ಅದಕ್ಕಿಂತ ಮೇಲಿದೆ ಎಂದು ಸಮಾಧಾನ ಪಡಬೇಡಿ. ಅದಕ್ಕಿಂತ ಕೆಳಗೆ ಹೋದರೆ ತುಂಬಾ ತಡವಾಗಿದೆ ಎಂದು ಮಾತ್ರ ತಿಳಿಯಿರಿ.

ಹಾಗಾದರೆ ನೋಡಬೇಕಾದ್ದು ಏನು? ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನವರು 2000ದ ಹೊತ್ತಿಗೆ ತಮ್ಮ ತುರ್ತು ಕೋರ್ಸ್‌ನಲ್ಲಿ ಒಂದು ತ್ರಿಕೋನ ತಂದರು. ಈಗ ಅದನ್ನು ಎಷ್ಟೋ ದೇಶಗಳಲ್ಲಿ ಕಲಿಸುತ್ತಾರೆ. ಮೂರು ಬದಿ: ಮಗು ಹೇಗೆ ಕಾಣುತ್ತಿದೆ, ಉಸಿರಾಡಲು ಎಷ್ಟು ಕಷ್ಟಪಡುತ್ತಿದೆ, ಚರ್ಮದ ಬಣ್ಣ ಹೇಗಿದೆ. ಸ್ಟೆತಸ್ಕೋಪ್ ಬೇಡ, ಕ್ಲಿಪ್ ಬೇಡ, ಮಗುವನ್ನು ಮುಟ್ಟುವುದೂ ಬೇಡ. ಬಾಗಿಲ ಹತ್ತಿರ ನಿಂತು ಅರ್ಧ ನಿಮಿಷ ನೋಡಬೇಕು, ಅಷ್ಟೇ.

ಮೊದಲ ಬದಿಯೇ ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಅಭಿಪ್ರಾಯ. ಕೈಕಾಲಲ್ಲಿ ಬಿಗಿ ಇದೆಯಾ, ಇಲ್ಲಾ ಜೋತು ಬಿದ್ದಿದೆಯಾ? ಸುತ್ತಲಿನದನ್ನು ಗಮನಿಸುತ್ತಿದೆಯಾ? ಅಮ್ಮ ಎತ್ತಿಕೊಂಡರೆ ಸಮಾಧಾನವಾಗುತ್ತದಾ? ಕಣ್ಣು ನಿಮ್ಮ ಮುಖದ ಮೇಲೆ ನಿಲ್ಲುತ್ತದಾ, ಅಥವಾ ಎಲ್ಲೋ ದೂರ ನೋಡುತ್ತಿದೆಯಾ? ಅಳು ಗಟ್ಟಿಯಾಗಿದೆಯಾ, ಕ್ಷೀಣವಾಗಿದೆಯಾ?

ಈಗ ನಿಮಗೆ ಒಂದು ಮನೆಗೆಲಸ. ಕಾಯಿಲೆ ಜಾಸ್ತಿ ಇರುವ ಮಕ್ಕಳನ್ನು ಹುಡುಕಿಕೊಂಡು ಹೋಗಬೇಡಿ. ಲಸಿಕೆ ಹಾಕುವ ಕೋಣೆಗೆ ಹೋಗಿ. ದಿನಕ್ಕೆ ಹತ್ತು ಚೆನ್ನಾಗಿರುವ ಮಕ್ಕಳನ್ನು ನೋಡಿ. ಎಂಟು ತಿಂಗಳ ಮಗು ಅಪರಿಚಿತರನ್ನು ಕಂಡರೆ ಏನು ಮಾಡುತ್ತದೆ, ಎರಡು ತಿಂಗಳದ್ದು ಏನು ಮಾಡುತ್ತದೆ, ಬರೆದಿಡಿ. ಚೆನ್ನಾಗಿರುವುದು ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸವಾದ ಮೇಲೆ, ಚೆನ್ನಾಗಿಲ್ಲದ್ದು ತಾನಾಗಿ ಕಣ್ಣಿಗೆ ಚುಚ್ಚುತ್ತದೆ.

ಟ್ರಯಾಜ್_ಸಿಸ್ಟರ್

ನಾನು ಬೇರೆ ಆಸ್ಪತ್ರೆಯವಳು, ಆ ಸಿಸ್ಟರ್ ನಾನಲ್ಲ. ಆದರೆ ಅವರಿಗೆ ಏನು ಕಂಡಿರಬಹುದು ಎಂದು ಹೇಳಬಲ್ಲೆ.

ನೀವೇ ಬರೆದಿದ್ದೀರಿ ನೋಡಿ, 'ಮಗು ಅಳದೆ ಸುಮ್ನೆ ಮಲಗಿತ್ತು' ಅಂತ. ಎಂಟು ತಿಂಗಳ ಮಗು. ಗುರುತಿಲ್ಲದ ಜಾಗ. ಗುರುತಿಲ್ಲದ ಮನುಷ್ಯ ಬಂದು ಬೆರಳಿಗೆ ಏನೋ ಸಿಕ್ಕಿಸುತ್ತಾನೆ, ತೋಳಿಗೆ ಪಟ್ಟಿ ಕಟ್ಟಿ ಬಿಗಿ ಮಾಡುತ್ತಾನೆ. ಆದರೂ ಅಳುವುದಿಲ್ಲ, ಕೈ ಎಳೆದುಕೊಳ್ಳುವುದಿಲ್ಲ, ಅಮ್ಮನ ಕಡೆ ತಿರುಗುವುದಿಲ್ಲ. ರಚ್ಚೆ ಹಿಡಿದು ಕಿರುಚುವ ಮಗುವನ್ನು ಕಂಡರೆ ನನಗೆ ಭಯವಿಲ್ಲ. ಅಳಬೇಕಾದಾಗ ಅಳದ ಮಗುವನ್ನು ಕಂಡರೆ ಭಯ.

ಟ್ರಯಾಜ್, ಅಂದರೆ ಯಾರನ್ನು ಮೊದಲು ನೋಡಬೇಕು ಎಂದು ವಿಂಗಡಿಸುವುದು, ನನಗೆ ಕಲಿಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಇಟಾಟ್ ಎಂಬ ಕೋರ್ಸ್. ಮೊದಲು ಜೀವಕ್ಕೆ ಅಪಾಯ ತರುವ ಲಕ್ಷಣಗಳು: ಉಸಿರಾಟದ ತೊಂದರೆ, ತಣ್ಣನೆಯ ಕೈಯ ಜೊತೆ ಬಲವಿಲ್ಲದ ವೇಗದ ನಾಡಿ, ಪ್ರಜ್ಞೆ ಇಲ್ಲದಿರುವುದು, ಫಿಟ್ಸ್, ಭೇದಿಯ ಮಗುವಿನಲ್ಲಿ ಗುಳಿಬಿದ್ದ ಕಣ್ಣು ಮತ್ತು ಚಿವುಟಿ ಬಿಟ್ಟರೆ ತೀರಾ ನಿಧಾನವಾಗಿ ಮರಳುವ ಚರ್ಮ. ಇವು ಇಲ್ಲದಿದ್ದರೆ ಸಾಲಿನಲ್ಲಿ ಮುಂದೆ ಕರೆಯಬೇಕಾದವರು ಯಾರು ಎಂದು ನೋಡಬೇಕು. ಎರಡು ತಿಂಗಳಿಗಿಂತ ಚಿಕ್ಕವು, ಸುಡುವ ಜ್ವರ, ಬಿಳಿಚಿಕೊಂಡವು, ವಿಷ ಕುಡಿದವು, ಸುಟ್ಟಗಾಯ, ಎರಡೂ ಪಾದ ಊದಿಕೊಂಡವು, ತೀರಾ ಬಡಕಲಾದವು. ಇದನ್ನು ನಾನು ಕೈಯಿಂದ ಕಲಿತೆ. ಬಂದ ಪ್ರತಿ ಮಗುವಿನ ಅಂಗೈ ಹಿಡಿಯುತ್ತೇನೆ. ಮಾತಾಡಿಸುತ್ತಾ ಹಿಡಿಯುತ್ತೇನೆ. ಬಿಸಿಯೋ ತಣ್ಣಗೋ ಅಷ್ಟರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ವಿದ್ಯಾರ್ಥಿಗಳು ನಮ್ಮ ಮೇಜಿನ ಮುಂದೆಯೇ ಹಾದು ಹೋಗುತ್ತಾರೆ, ಡಾಕ್ಟರ್ ಹಿಂದೆ. ಟ್ರಯಾಜ್‌ನಲ್ಲಿ ಒಂದು ಗಂಟೆ ಕೂತರೆ ಮೂವತ್ತು ಮಕ್ಕಳು ಕಣ್ಣ ಮುಂದೆ ಬರುತ್ತಾರೆ. ಬಂದು ಕೂರಿ. ಕುರ್ಚಿ ನಾನು ಹಾಕಿಸುತ್ತೇನೆ.

ಇಂಟರ್ನ್

ಎಲ್ಲ ಸರಿ ಸಿಸ್ಟರ್, ಆದರೆ ವಿದ್ಯಾರ್ಥಿಯ ಕಡೆಯಿಂದಲೂ ಯೋಚಿಸಿ. ಪೋಸ್ಟಿಂಗ್ ಮುಗಿದ ಮೇಲೆ ಪರೀಕ್ಷೆಯಲ್ಲಿ ಕೇಳುವುದು ಡೋಸ್, ಫಾರ್ಮುಲಾ, ಕಾರಣಗಳ ಪಟ್ಟಿ. 'ಬಾಗಿಲಲ್ಲಿ ನಿಂತು ನೋಡಿದ್ದು ಹೇಳು' ಎಂದು ನನ್ನನ್ನು ಯಾವ ಎಕ್ಸಾಮಿನರೂ ಕೇಳಲಿಲ್ಲ. ಹಾಗಾಗಿ ಬಾಯಿಪಾಠ ಮಾಡಿದೆ.

ಬಾಯಿಪಾಠದ ಕಥೆಯನ್ನೂ ಹೇಳುತ್ತೇನೆ. ಹತ್ತು ಕೆಜಿಯ ಮಗು, ಹೃದಯ ನಿಂತಿತ್ತು. ನನಗೆ ಅಡ್ರಿನಲಿನ್ ತಯಾರು ಮಾಡಲು ಹೇಳಿದರು. ಕೆಜಿಗೆ 0.01 ಮಿಲಿಗ್ರಾಂ, ಗೊತ್ತಿತ್ತು. ಹತ್ತು ಕೆಜಿಗೆ 0.1 ಮಿಲಿಗ್ರಾಂ, ಒಂದು ಎಂಎಲ್, ಅದೂ ಗೊತ್ತಿತ್ತು. ಆಂಪೂಲ್ ಒಡೆದು ಒಂದು ಎಂಎಲ್ ಎಳೆದೆ. ಪಕ್ಕದಲ್ಲಿದ್ದ ಸಿಸ್ಟರ್ ಕೇಳಿದರು, 'ಡೈಲ್ಯೂಟ್ ಮಾಡಿದ್ರಾ?' ಮಾಡಿರಲಿಲ್ಲ. ಒಂದು ಎಂಎಲ್ ಎನ್ನುವುದು ಹತ್ತು ಸಾವಿರಕ್ಕೆ ಒಂದರಂತೆ ತೆಳುವಾದ ಔಷಧದ ಲೆಕ್ಕ. ನನ್ನ ಕೈಯಲ್ಲಿದ್ದದ್ದು ಸಾವಿರಕ್ಕೆ ಒಂದು. ಹತ್ತು ಪಟ್ಟು. ಅವರು ಒಂದು ಮಾತು ಕೇಳದಿದ್ದರೆ ಅದು ಮಗುವಿನ ರಕ್ತಕ್ಕೆ ಹೋಗುತ್ತಿತ್ತು.

ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ. ಕೈ ನಡುಗುತ್ತಿತ್ತು. ಯಾರೋ ಕೂಗುತ್ತಿದ್ದರು. ಅಂಥ ಹೊತ್ತಲ್ಲಿ ಲೆಕ್ಕ ಮಾಡಿ ನನಗೆ ರೂಢಿಯೇ ಇರಲಿಲ್ಲ.

ಮಕ್ಕಳ_ಎಮರ್ಜೆನ್ಸಿ_ಡಾಕ್ಟರ್

ಇದನ್ನು ಬರೆಯಲು ಧೈರ್ಯ ಬೇಕು. ಧನ್ಯವಾದ.

ದಶಮಾಂಶದ ಚುಕ್ಕಿ ಜಾರುವುದು ಮಕ್ಕಳ ಚಿಕಿತ್ಸೆಗೆ ಅಂಟಿಕೊಂಡೇ ಬಂದ ಅಪಾಯ. ದೊಡ್ಡವರಿಗಾದರೆ ಹತ್ತು ಆಂಪೂಲ್ ಒಡೆಯುವಾಗ ಯಾರಿಗಾದರೂ ಅನುಮಾನ ಬರುತ್ತದೆ. ಮಗುವಿಗೆ ಹತ್ತು ಪಟ್ಟು ಕೊಟ್ಟರೂ ಅದು ಒಂದೇ ಆಂಪೂಲ್, ಒಂದೇ ಸಿರಿಂಜ್. ಯಾರಿಗೂ ಕಣ್ಣಿಗೆ ಬೀಳುವುದಿಲ್ಲ.

ಅದಕ್ಕೇ 1980ರ ದಶಕದಲ್ಲಿ ಜೇಮ್ಸ್ ಬ್ರೋಸ್ಲೋ ಎಂಬ ವೈದ್ಯರು ಒಂದು ಬಣ್ಣದ ಟೇಪ್ ಮಾಡಿದರು. ರಾಬರ್ಟ್ ಲೂಟೆನ್ ಜೊತೆ ಸೇರಿ ಅದನ್ನು ಬೆಳೆಸಿದರು. ಮಗುವಿನ ಪಕ್ಕ ಟೇಪ್ ಹಾಸಿ ತಲೆಯಿಂದ ಹಿಮ್ಮಡಿಯವರೆಗೆ ಅಳೆಯುವುದು. ಹಿಮ್ಮಡಿ ಯಾವ ಬಣ್ಣದ ಮೇಲೆ ಬಂತೋ ಆ ಬಣ್ಣದ ಡೋಸ್, ಆ ಬಣ್ಣದ ಟ್ಯೂಬ್. ಉದ್ದದಿಂದ ತೂಕ ಊಹಿಸುವ ಉಪಾಯ ಅದು. ತೀರಾ ತೆಳ್ಳಗಿನ ಅಥವಾ ತೀರಾ ದಪ್ಪಗಿನ ಮಕ್ಕಳಲ್ಲಿ ಲೆಕ್ಕ ತಪ್ಪುತ್ತದೆ, ಅದನ್ನೂ ಕಲಿಸಬೇಕು. ತೂಕ ಹಾಕಲು ಸಾಧ್ಯವಿದ್ದರೆ ಹಾಕಿಯೇ ನೋಡಿ. ಕೆಜಿಯಲ್ಲೇ ಬರೆಯಿರಿ.

ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ತುರ್ತಿನಲ್ಲಿ ನೆನಪಿನ ಮೇಲೆ ಭರವಸೆ ಇಡಬೇಡಿ. ಚಾರ್ಟ್ ನೋಡುವುದು ನಾಚಿಕೆಯಲ್ಲ. ಔಷಧದ ಹೆಸರು, ಮಿಲಿಗ್ರಾಂ, ಎಂಎಲ್ ಮೂರನ್ನೂ ಬಾಯಿಬಿಟ್ಟು ಹೇಳಿ. ಎದುರಿನವರು ಅದನ್ನೇ ತಿರುಗಿ ಹೇಳಲಿ. ಕೊಟ್ಟ ಮೇಲೆ 'ಕೊಟ್ಟೆ' ಎನ್ನಲಿ.

ಅನಸ್ತೇಷಿಯಾ_ಮೇಡಂ

ನಾನು ಒಂದೇ ವಿಷಯ ಹೇಳಲು ಬಂದಿದ್ದೇನೆ. ಅದು ಮಾಸ್ಕ್ ಮತ್ತು ಬ್ಯಾಗ್, ಅಂದರೆ ಮುಖಕ್ಕೆ ಮಾಸ್ಕ್ ಹಿಡಿದು ಚೀಲ ಒತ್ತಿ ಉಸಿರು ಕೊಡುವುದು.

ದೊಡ್ಡವರ ಹೃದಯ ಹೆಚ್ಚಾಗಿ ಹೃದಯದ ಕಾಯಿಲೆಯಿಂದಲೇ ನಿಲ್ಲುತ್ತದೆ. ಮಕ್ಕಳದ್ದು ಹಾಗಲ್ಲ. ಉಸಿರು ಸೋತು, ಇಲ್ಲವೇ ಶಾಕ್ ಕೈಮೀರಿ, ಕೊನೆಗೆ ಹೃದಯ ನಿಲ್ಲುತ್ತದೆ. ಅಂದರೆ ನಮಗೆ ಸಮಯ ಇರುತ್ತದೆ. ಆ ಸಮಯದಲ್ಲಿ ಉಸಿರು ಕೊಡಲು ಬಂದರೆ ಎಷ್ಟೋ ಮಕ್ಕಳಿಗೆ ಎದೆ ಒತ್ತುವ ಪ್ರಸಂಗವೇ ಬರುವುದಿಲ್ಲ.

ಮಗುವಿನ ಉಸಿರಿನ ದಾರಿ ಎಷ್ಟು ಸಣ್ಣದು ಎಂದು ಒಂದು ಲೆಕ್ಕ ಹಾಕಿ. ನಾಲ್ಕು ಮಿಲಿಮೀಟರ್ ಅಗಲದ ಕೊಳವೆ ಎಂದುಕೊಳ್ಳಿ. ಸುತ್ತಲೂ ಒಂದು ಮಿಲಿಮೀಟರ್ ಊದಿಕೊಂಡರೆ ಅಗಲ ಎರಡಾಗುತ್ತದೆ. ಗಾಳಿ ಒಂದೇ ಸಮನೆ ಹರಿಯುವಾಗ ತಡೆ ಎಷ್ಟು ಪಟ್ಟು ಏರುತ್ತದೆ? ಎರಡಲ್ಲ, ಹದಿನಾರು. ಅಷ್ಟೇ ಊತ ದೊಡ್ಡವರ ಗಂಟಲಲ್ಲಿ ಆದರೆ ಗಂಟಲು ಕಟ್ಟಿದೆ ಎಂದು ಸುಮ್ಮನಾಗುತ್ತಾರೆ. ಅದರ ಮೇಲೆ ಮಗುವಿನ ದೇಹ ಪ್ರತಿ ಕೆಜಿಗೆ ದೊಡ್ಡವರ ಸುಮಾರು ಎರಡರಷ್ಟು ಆಕ್ಸಿಜನ್ ಬಳಸುತ್ತದೆ. ಶ್ವಾಸಕೋಶದಲ್ಲಿ ಉಳಿತಾಯವೂ ಕಡಿಮೆ. ಉಸಿರು ನಿಂತರೆ ಕ್ಲಿಪ್‌ನ ಸಂಖ್ಯೆ ನೋಡನೋಡುತ್ತಲೇ ಜಾರುತ್ತದೆ.

ಆದರೆ ವಿದ್ಯಾರ್ಥಿಗಳಿಗೆ ಯಾವುದರ ಆಸೆ? ಗಂಟಲಿಗೆ ಟ್ಯೂಬ್ ಹಾಕುವುದರ ಆಸೆ. ನನಗೆ ಅರ್ಥವಾಗುತ್ತದೆ, ಅದು ನೋಡಲು ದೊಡ್ಡ ಕೆಲಸ. ಆದರೆ ಟ್ಯೂಬ್ ಹಾಕಲು ಬರದಿದ್ದರೂ ಮಗುವನ್ನು ಉಳಿಸಬಹುದು. ಮಾಸ್ಕ್ ಹಿಡಿಯಲು ಬರದಿದ್ದರೆ ಕಷ್ಟ.

ಶಿಶುವಿನ ತಲೆಯ ಹಿಂಭಾಗ ದೊಡ್ಡದು. ಸಪಾಟಾಗಿ ಮಲಗಿಸಿದರೆ ಗದ್ದ ಎದೆಯ ಕಡೆ ಬಾಗಿ ದಾರಿ ಮುಚ್ಚುತ್ತದೆ. ಭುಜದ ಕೆಳಗೆ ಮಡಿಸಿದ ಬಟ್ಟೆ ಇಡಿ. ಮಾಸ್ಕ್ ಮೂಗಿನ ಸೇತುವೆಯಿಂದ ಗದ್ದದವರೆಗೆ ಕೂರಬೇಕು, ಕಣ್ಣಿನ ಮೇಲಲ್ಲ. ಬೆರಳುಗಳು ದವಡೆಯ ಮೂಳೆಯ ಮೇಲಿರಲಿ. ಗದ್ದದ ಕೆಳಗಿನ ಮೆತ್ತನೆ ಭಾಗ ಒತ್ತಿದರೆ ನಾಲಿಗೆ ಹಿಂದೆ ಹೋಗುತ್ತದೆ. ಮಾಸ್ಕನ್ನು ಮುಖದ ಮೇಲೆ ಒತ್ತಬೇಡಿ, ಮುಖವನ್ನು ಮಾಸ್ಕ್ ಒಳಕ್ಕೆ ಎತ್ತಿ. ಎದೆ ಏಳುವಷ್ಟು ಮಾತ್ರ ಬ್ಯಾಗ್ ಒತ್ತಿ, ಜಾಸ್ತಿ ಒತ್ತಿದರೆ ಹೊಟ್ಟೆ ಉಬ್ಬುತ್ತದೆ. ಎದೆ ಏಳುತ್ತಿಲ್ಲವಾದರೆ ಮೊದಲು ತಲೆಯ ಸ್ಥಾನ ಸರಿ ಮಾಡಿ. ಒಬ್ಬರಿಂದ ಆಗದಿದ್ದರೆ ಒಬ್ಬರು ಎರಡೂ ಕೈಯಲ್ಲಿ ಮಾಸ್ಕ್ ಹಿಡಿಯಲಿ, ಇನ್ನೊಬ್ಬರು ಬ್ಯಾಗ್ ಒತ್ತಲಿ.

ಇದನ್ನು ಓದಿದರೆ ಬರುವುದಿಲ್ಲ, ಬೊಂಬೆಯ ಮೇಲೂ ಅರ್ಧವೇ ಬರುತ್ತದೆ. ನಿಮ್ಮ ಆಪರೇಷನ್ ಥಿಯೇಟರ್‌ನಲ್ಲಿ ಮಕ್ಕಳ ಲಿಸ್ಟ್ ಯಾವ ದಿನ ಇದೆ ಎಂದು ಕೇಳಿ. ಬೆಳಿಗ್ಗೆಯೇ ಹೋಗಿ ಅನಸ್ತೇಷಿಯಾದವರ ಅನುಮತಿ ಕೇಳಿ. ಅಲ್ಲಿ ಹಿರಿಯರು ಪಕ್ಕದಲ್ಲೇ ಇರುತ್ತಾರೆ, ಗಡಿಬಿಡಿ ಇರುವುದಿಲ್ಲ. ಒಂದು ಬೆಳಿಗ್ಗೆ ನಾಲ್ಕೈದು ಮಕ್ಕಳಿಗೆ ಮಾಸ್ಕ್ ಹಿಡಿದರೆ ಎಮರ್ಜೆನ್ಸಿಯಲ್ಲಿ ಒಂದು ತಿಂಗಳು ನಿಂತರೂ ಸಿಗದ ಅಭ್ಯಾಸ ಸಿಗುತ್ತದೆ. ಕೇಳಿದವರಿಗೆ ನಾನು ಯಾವತ್ತೂ ಇಲ್ಲ ಎಂದಿಲ್ಲ. ಕೇಳುವವರೇ ಕಡಿಮೆ.

ಎರಡನೇ_ವರ್ಷ

ಮೇಡಂ, ಒಂದು ಅನುಮಾನ. ವಿದ್ಯಾರ್ಥಿ ಕಲಿಯಲಿ ಎಂದು ಮಗುವಿನ ಮೇಲೆ ಪ್ರಯೋಗ ಮಾಡಿದ ಹಾಗಾಗುವುದಿಲ್ಲವಾ? ನನಗೆ ಇದು ತುಂಬಾ ಕಾಡುತ್ತದೆ.

ಅನಸ್ತೇಷಿಯಾ_ಮೇಡಂ

ಕಾಡಲೇಬೇಕಾದ ಪ್ರಶ್ನೆ. ಅದಕ್ಕೇ ಬೊಂಬೆಯ ಮೇಲೆ ಸರಿಯಾಗಿ ಬರುವವರೆಗೆ ನಾನು ಮಗುವನ್ನು ಮುಟ್ಟಲು ಬಿಡುವುದಿಲ್ಲ. ತಂದೆತಾಯಿಗೆ ಮೊದಲೇ ಹೇಳಿ ಒಪ್ಪಿಗೆ ಕೇಳುತ್ತೇನೆ. ನನ್ನ ಕೈ ವಿದ್ಯಾರ್ಥಿಯ ಕೈ ಪಕ್ಕದಲ್ಲೇ ಇರುತ್ತದೆ. ಎದೆ ಏಳದಿದ್ದರೆ ತಕ್ಷಣ ನಾನು ತೆಗೆದುಕೊಳ್ಳುತ್ತೇನೆ. ಹೀಗೆ ಕಲಿಸದೆ ಬಿಟ್ಟರೆ ಅದೇ ವಿದ್ಯಾರ್ಥಿ ಮುಂದೆ ಡಾಕ್ಟರ್ ಆಗಿ, ಒಬ್ಬನೇ ಇರುವ ರಾತ್ರಿ, ಮೊದಲ ಸಲ ಮಾಸ್ಕ್ ಹಿಡಿಯುತ್ತಾನೆ. ಆ ಮಗುವಿನ ಬಗ್ಗೆಯೂ ಯೋಚಿಸಬೇಕಲ್ವಾ?

ಬೊಂಬೆ_ಟೀಚರ್

ನಾನು ಸಿಮ್ಯುಲೇಷನ್, ಅಂದರೆ ಬೊಂಬೆಯ ಮೇಲೆ ತುರ್ತಿನ ಅಣಕು ಅಭ್ಯಾಸ, ಕಲಿಸುವವನು. ಇಂಟರ್ನ್ ಬರೆದದ್ದನ್ನು ಎರಡು ಸಲ ಓದಿದೆ. 'ರೂಢಿಯೇ ಇರಲಿಲ್ಲ' ಎಂದಿದ್ದಾರಲ್ಲ, ನಮ್ಮ ಕೆಲಸ ಇರುವುದೇ ಅದಕ್ಕೆ.

ಆಸ್ಮಂಡ್ ಲೇರ್ಡಾಲ್ ಮೂಲತಃ ಆಟಿಕೆ ಮಾಡುತ್ತಿದ್ದವರು. 1960ರಲ್ಲಿ ಅವರು ಉಸಿರು ಕೊಡುವುದನ್ನು ಕಲಿಯಲು 'ರೆಸಸಿ ಆ್ಯನ್' ಎಂಬ ಬೊಂಬೆ ತಂದರು. ಇವತ್ತು ಅಳುವ, ನೀಲಿಗಟ್ಟುವ, ನಾಡಿ ಬಡಿಯುವ ಶಿಶು ಬೊಂಬೆಗಳೂ ಇವೆ. ಇದ್ದರೆ ಒಳ್ಳೆಯದೇ. ಆದರೆ ಇಲ್ಲ ಎಂದು ಯಾರೂ ಕೈಕಟ್ಟಿ ಕೂರಬೇಡಿ. ಸಾಮಾನ್ಯ ಬೊಂಬೆ, ಒಂದು ಬ್ಯಾಗ್, ಒಂದು ಮಾಸ್ಕ್, ಸಂಖ್ಯೆಗಳನ್ನು ಓದಿ ಹೇಳುವ ಒಬ್ಬ ಗೆಳೆಯ, ಇಷ್ಟಿದ್ದರೆ ಸಾಕು.

ಮುಖ್ಯವಾದದ್ದು ಅಭ್ಯಾಸ ಮಾಡುವ ರೀತಿ. ಹಳೆಯ ಕ್ರಮದಲ್ಲಿ ಇಪ್ಪತ್ತು ನಿಮಿಷ ನಾಟಕ, ಆಮೇಲೆ ಒಂದು ಗಂಟೆ ಮಾತು. ಮಾತು ಮುಗಿಯುವ ಹೊತ್ತಿಗೆ ಎಲ್ಲರೂ ಮನೆಗೆ. ತಪ್ಪಿದ್ದನ್ನು ಸರಿಯಾಗಿ ಮಾಡಿ ನೋಡುವ ಅವಕಾಶವೇ ಇರುತ್ತಿರಲಿಲ್ಲ. ಜಾನ್ಸ್ ಹಾಪ್ಕಿನ್ಸ್‌ನ ಎಲಿಜಬೆತ್ ಹಂಟ್ ಮತ್ತು ಅವರ ಜೊತೆಯವರು 2014ರಲ್ಲಿ ಬೇರೆ ದಾರಿ ತೋರಿಸಿದರು. ತಪ್ಪು ಕಂಡ ಕೂಡಲೇ ನಿಲ್ಲಿಸುವುದು. ಏನು ತಪ್ಪಾಯಿತು ಎಂದು ಎರಡೇ ಮಾತಲ್ಲಿ ಹೇಳುವುದು. ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಮತ್ತೆ ಮಾಡಿಸುವುದು. ಸರಿಯಾಗುವವರೆಗೂ ಇದೇ. ಅವರು ಮಕ್ಕಳ ವಿಭಾಗದಲ್ಲಿ ತರಬೇತಿ ಪಡೆಯುವ ವೈದ್ಯರ, ಅಂದರೆ ರೆಸಿಡೆಂಟ್‌ಗಳ ಜೊತೆ ಇದನ್ನು ಮಾಡಿದ್ದು. ಎದೆ ಒತ್ತದೆ ಖಾಲಿ ಹೋಗುವ ಸಮಯ ಕಡಿಮೆಯಾಯಿತು.

ನಾನು ಇದನ್ನು ವಿದ್ಯಾರ್ಥಿಗಳಿಗೂ ಮಾಡಿಸುತ್ತೇನೆ. ಬರೀ ಮೊದಲ ಐದು ನಿಮಿಷ. ಮಗು ಬಂತು, ನೋಡಿದೆ, ಸಹಾಯಕ್ಕೆ ಕೂಗಿದೆ, ದಾರಿ ತೆರೆದೆ, ಉಸಿರು ಕೊಟ್ಟೆ, ನಾಡಿ ನೋಡಿದೆ. ಶಿಶುವಾದರೆ ತೋಳಿನ ಒಳಭಾಗದಲ್ಲಿ, ಹತ್ತು ಸೆಕೆಂಡಿಗಿಂತ ಜಾಸ್ತಿ ಹುಡುಕುವಂತಿಲ್ಲ. ಒತ್ತಬೇಕಾದರೆ ನಿಮಿಷಕ್ಕೆ 100ರಿಂದ 120, ಎದೆಯ ಆಳದ ಮೂರನೇ ಒಂದು ಭಾಗ. ಇಬ್ಬರಿದ್ದರೆ ಹದಿನೈದು ಒತ್ತಿಗೆ ಎರಡು ಉಸಿರು, ಒಬ್ಬರೇ ಇದ್ದರೆ ಮೂವತ್ತಕ್ಕೆ ಎರಡು. ಆರನೇ ಸಲ ಮಾಡುವಾಗ ವಿದ್ಯಾರ್ಥಿಯ ದನಿಯೇ ಬದಲಾಗಿರುತ್ತದೆ. 'ಯಾರಾದರೂ ಆಕ್ಸಿಜನ್ ತರ್ತೀರಾ' ಎನ್ನುತ್ತಿದ್ದವನು ಎದುರಿನವರ ಹೆಸರು ಹಿಡಿದು 'ನೀನು ಆಕ್ಸಿಜನ್ ತಾ, ತಂದ ಮೇಲೆ ಹೇಳು' ಎನ್ನುತ್ತಾನೆ.

ಒಂದು ಎಚ್ಚರಿಕೆ. ಇದು ಒಂದು ಸಲ ಕಲಿತರೆ ಮುಗಿಯುವುದಿಲ್ಲ. ಕೆಲವೇ ತಿಂಗಳಲ್ಲಿ ಕೈ ಮರೆಯುತ್ತದೆ. ವರ್ಷಕ್ಕೊಮ್ಮೆ ಇಡೀ ದಿನ ಕಲಿಯುವುದಕ್ಕಿಂತ ತಿಂಗಳಿಗೊಮ್ಮೆ ಹದಿನೈದು ನಿಮಿಷ ಮೇಲು ಎಂದು ನನ್ನ ಅನುಭವ. ಇನ್ನೊಂದು, ಬೈಯುತ್ತಾ ಕಲಿಸಬೇಡಿ. ಬೈಸಿಕೊಂಡವನು ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾನೆ.

ಕೊನೇ_ವರ್ಷ

ಎಲ್ಲರಿಗೂ ಧನ್ಯವಾದ. ನಿನ್ನೆ ಲಸಿಕೆ ಕೋಣೆಗೆ ಹೋಗಿದ್ದೆ. ಹನ್ನೊಂದು ಮಕ್ಕಳನ್ನು ನೋಡಿದೆ. ಎಂಟು ಒಂಬತ್ತು ತಿಂಗಳ ಮೂರು ಮಕ್ಕಳಿದ್ದರು. ಮೂವರೂ ನನ್ನ ಮುಖ ಕಂಡು ಅಮ್ಮನ ಹೆಗಲಿಗೆ ಮುಖ ಮುಚ್ಚಿಕೊಂಡರು. ಅದನ್ನು ಕಂಡಾಗ ಆ ದಿನದ್ದು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು.

ಒಂದು ಪ್ರಶ್ನೆ ಸರ್. ಆ ಮಗುವಿಗೆ ತಕ್ಷಣ ಸಲೈನ್ ಕೊಟ್ಟರು. ಆದರೆ ಬೋಲಸ್, ಅಂದರೆ ಒಮ್ಮೆಗೇ ವೇಗವಾಗಿ ದ್ರವ ಹರಿಸುವುದು, ಅಪಾಯ ಎಂದು ಎಲ್ಲೋ ಓದಿದ್ದೆ. ಯಾವುದು ಸರಿ?

ಮಕ್ಕಳ_ಎಮರ್ಜೆನ್ಸಿ_ಡಾಕ್ಟರ್

ನೀವು ಓದಿದ್ದು ಫೀಸ್ಟ್ ಅಧ್ಯಯನದ ಬಗ್ಗೆ ಇರಬೇಕು. 2011ರಲ್ಲಿ ಬಂತು. ಕ್ಯಾಥ್ರಿನ್ ಮೇಟ್ಲ್ಯಾಂಡ್ ಮತ್ತು ತಂಡ ಉಗಾಂಡಾ, ಕೀನ್ಯಾ, ತಾಂಜಾನಿಯಾದಲ್ಲಿ ಮಾಡಿದ್ದು, 3,141 ಮಕ್ಕಳು. ತೀವ್ರ ಜ್ವರದ ಕಾಯಿಲೆ ಇದ್ದು, ರಕ್ತ ಸಂಚಾರ ಕುಗ್ಗಿದ್ದ ಮಕ್ಕಳು ಅವರು. ಬೋಲಸ್ ಕೊಟ್ಟರೆ ಒಳ್ಳೆಯದು ಎಂದೇ ಎಲ್ಲರೂ ನಂಬಿದ್ದೆವು. 48 ಗಂಟೆಯಲ್ಲಿ ತೀರಿಕೊಂಡವರು ಬೋಲಸ್ ಕೊಟ್ಟ ಎರಡು ಗುಂಪುಗಳಲ್ಲಿ ನೂರಕ್ಕೆ 10.6 ಮತ್ತು 10.5. ಕೊಡದ ಗುಂಪಿನಲ್ಲಿ 7.3. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಅಲ್ಲಿಯವರೆಗೆ ನಾನು ಯೋಚಿಸದೆ ಕೊಟ್ಟ ಬೋಲಸ್‌ಗಳು ಎಷ್ಟೋ.

ಆದರೆ ಒಂದು ಮುಖ್ಯ ವಿಷಯ. ವಾಂತಿ ಭೇದಿಯಿಂದ ಬಂದ ಮಕ್ಕಳನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲೇ ಇಲ್ಲ. ನಿಮ್ಮ ಮಗು ಎರಡು ದಿನ ನೀರು ಕಳೆದುಕೊಂಡಿತ್ತು. ಕಳೆದದ್ದನ್ನು ತುಂಬಲೇಬೇಕಿತ್ತು. ಅವರು ಮಾಡಿದ್ದು ಸರಿ.

ಹಾಗಾಗಿ 'ಶಾಕ್ ಎಂದರೆ ಕೆಜಿಗೆ 20 ಎಂಎಲ್' ಎಂದು ಒಂದೇ ಸಾಲಿನಲ್ಲಿ ಕಲಿಸುವುದನ್ನು ನಾನು ಬಿಟ್ಟಿದ್ದೇನೆ. ಯಾಕೆ ಶಾಕ್ ಆಗಿದೆ? ನೀರು ಹೋಗಿದೆಯಾ, ಸೋಂಕಾ, ಹೃದಯವೇ ಸೋತಿದೆಯಾ? ಮಗು ತೀರಾ ಬಡಕಲಾಗಿದೆಯಾ, ರಕ್ತಹೀನತೆ ಇದೆಯಾ? ಹೃದಯ ಸೋತ ಮಗುವಿಗೆ ಸಲೈನ್ ಸುರಿದರೆ ಶ್ವಾಸಕೋಶ ತುಂಬುತ್ತದೆ. ಸ್ವಲ್ಪ ಕೊಡಿ, ಮತ್ತೆ ನೋಡಿ. ಉಸಿರಿನ ವೇಗ ಏರಿತಾ, ಎದೆಯಲ್ಲಿ ಗುಳುಗುಳು ಸದ್ದು ಬಂತಾ, ಪಕ್ಕೆಯ ಕೆಳಗೆ ಲಿವರ್ ಮುಂಚೆಗಿಂತ ಕೆಳಗೆ ಸಿಗುತ್ತಿದೆಯಾ? ವಿದ್ಯಾರ್ಥಿಗೆ ಈ 'ಮತ್ತೆ ನೋಡು' ಎನ್ನುವ ಕೆಲಸವನ್ನೇ ಪೂರ್ತಿಯಾಗಿ ವಹಿಸಬಹುದು. ಹಾಸಿಗೆಯ ಪಕ್ಕ ನಿಂತು ಐದು ನಿಮಿಷಕ್ಕೊಮ್ಮೆ ನೋಡಿ ಹೇಳುವವನೊಬ್ಬ ಇದ್ದರೆ ನಮಗೂ ದೊಡ್ಡ ಉಪಕಾರ.

ಮತ್ತೆ, ಸಪ್ಪಗಾದ ಪ್ರತಿ ಮಗುವಿಗೂ, ಫಿಟ್ಸ್ ಬಂದ ಪ್ರತಿ ಮಗುವಿಗೂ ಶುಗರ್ ನೋಡಿ. ಫಿಟ್ಸ್ ಐದು ನಿಮಿಷ ದಾಟಿದರೆ ತಾನಾಗಿ ನಿಲ್ಲುತ್ತದೆ ಎಂದು ಕಾಯಬೇಡಿ, ಔಷಧ ಬೇಕು. ಮಗು ಬಂದಾಗಲೇ ಫಿಟ್ಸ್ ಇದ್ದರೆ ಐದು ನಿಮಿಷ ಆಗಲೇ ಕಳೆದಿದೆ ಎಂದೇ ತಿಳಿಯಿರಿ.

ಇಬ್ಬರು_ಮಕ್ಕಳ_ಅಮ್ಮ

ನಾನು ಡಾಕ್ಟರ್ ಅಲ್ಲ. ಇಲ್ಲಿ ಬರೆಯಬಹುದಾ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ನನ್ನ ಎರಡನೆಯವನಿಗೆ ಒಂದೂವರೆ ವರ್ಷವಿದ್ದಾಗ ರಾತ್ರಿ ಆಸ್ಪತ್ರೆಗೆ ಓಡಿದ್ದೆವು. ಒಬ್ಬರ ನಂತರ ಒಬ್ಬರು ಮೂವರು ವಿದ್ಯಾರ್ಥಿಗಳು ಬಂದರು. ಜ್ವರ ಎಷ್ಟು ದಿನದಿಂದ, ಎಷ್ಟು ಸಲ ವಾಂತಿ, ಅದೇ ಪ್ರಶ್ನೆಗಳು. ನಾನು ಉತ್ತರ ಹೇಳುವಾಗ ಇಬ್ಬರು ಹಾಳೆ ನೋಡಿ ಬರೆಯುತ್ತಿದ್ದರು. ಮೂರನೆಯ ಹುಡುಗಿ ನನ್ನ ಪಕ್ಕ ಕೂತಳು. ಮಗನ ಪಾದ ಸವರುತ್ತಾ ಕೇಳಿದಳು, 'ಅಕ್ಕಾ, ಇವನು ದಿನಾ ಇರೋ ಹಾಗೆ ಇದ್ದಾನಾ?' ನಾನು ಅತ್ತುಬಿಟ್ಟೆ. ಅಷ್ಟು ಹೊತ್ತಿನಿಂದ ನಾನು ಹೇಳಬೇಕೆಂದಿದ್ದು ಅದೇ. ಇಲ್ಲ ಕಣಮ್ಮ, ಇವನು ಇವನ ಹಾಗಿಲ್ಲ. ನನ್ನನ್ನು ನೋಡುತ್ತಾನೆ, ಆದರೆ ನೋಡುತ್ತಿಲ್ಲ.

ಅವಳು ಎದ್ದು ಹೋಗಿ ದೊಡ್ಡ ಡಾಕ್ಟರನ್ನು ಕರೆದುಕೊಂಡು ಬಂದಳು. ಮೆನಿಂಜೈಟಿಸ್, ಮೆದುಳಿನ ಪೊರೆಯ ಸೋಂಕು ಆಗಿತ್ತು. ಈಗ ಅವನಿಗೆ ಏಳು ವರ್ಷ.

ಆ ಒಂದು ಪ್ರಶ್ನೆಯನ್ನು ದಯವಿಟ್ಟು ಎಲ್ಲ ವಿದ್ಯಾರ್ಥಿಗಳಿಗೂ ಕಲಿಸಿ.

ಟ್ರಯಾಜ್_ಸಿಸ್ಟರ್

ಅಮ್ಮಾ, ನೀವು ಬರೆದದ್ದು ತುಂಬಾ ಒಳ್ಳೆಯದಾಯಿತು.

ಇಂಗ್ಲೆಂಡ್‌ನಲ್ಲಿ 2024ರಿಂದ ಆಸ್ಪತ್ರೆಗಳಲ್ಲಿ 'ಮಾರ್ಥಾ ನಿಯಮ' ಜಾರಿಗೆ ಬಂದಿದೆ. ಮಾರ್ಥಾ ಮಿಲ್ಸ್ ಎಂಬ ಹದಿಮೂರು ವರ್ಷದ ಹುಡುಗಿ 2021ರಲ್ಲಿ ಸೋಂಕು ಮೈಯೆಲ್ಲ ಕೆಡಿಸುವ ಸೆಪ್ಸಿಸ್‌ನಿಂದ ತೀರಿಕೊಂಡಳು. ಅವಳ ಸ್ಥಿತಿ ಕೆಡುತ್ತಿದೆ ಎಂದು ತಂದೆತಾಯಿ ಆತಂಕ ಹೇಳಿದರೂ ಅದಕ್ಕೆ ತಕ್ಕ ಬೆಲೆ ಸಿಗಲಿಲ್ಲ. ಈಗ ಆ ನಿಯಮದಂತೆ ರೋಗಿಯಾಗಲಿ, ಮನೆಯವರಾಗಲಿ ಬೇರೆ ತಂಡ ಬಂದು ತಕ್ಷಣ ನೋಡಲಿ ಎಂದು ಕೇಳಬಹುದು. ನಾನು ಅದನ್ನು ಓದಿದ ಮೇಲೆ ನನ್ನ ಟ್ರಯಾಜ್ ಹಾಳೆಯಲ್ಲಿ ಒಂದು ಸಾಲು ಸೇರಿಸಿಕೊಂಡೆ: 'ಅಮ್ಮ ಏನನ್ನುತ್ತಾರೆ?'

ಎರಡನೇ_ವರ್ಷ

ಇನ್ನೊಂದು ಕೇಳಲಾ? ಮಗು ಉಳಿಯದಿದ್ದರೆ ಏನು ಮಾಡುತ್ತೀರಿ? ಯಾರೂ ಕ್ಲಾಸಿನಲ್ಲಿ ಇದರ ಬಗ್ಗೆ ಮಾತಾಡುವುದಿಲ್ಲ.

ಮಕ್ಕಳ_ಎಮರ್ಜೆನ್ಸಿ_ಡಾಕ್ಟರ್

ನಮ್ಮಲ್ಲಿ ಎಲ್ಲರೂ ಒಂದು ನಿಮಿಷ ಸುಮ್ಮನೆ ನಿಲ್ಲುತ್ತೇವೆ. ಮಗುವಿನ ಹೆಸರು ಹೇಳುತ್ತೇವೆ. ತಂದೆತಾಯಿಯ ಜೊತೆ ಕೂತು ಮಾತಾಡುತ್ತೇನೆ, ನಿಂತು ಅಲ್ಲ. 'ತೀರಿಕೊಂಡಿತು' ಎಂದು ಸ್ಪಷ್ಟವಾಗಿ ಹೇಳುತ್ತೇನೆ, ಸುತ್ತಿಬಳಸುವುದಿಲ್ಲ. ಅಂದಿನ ಪಾಳಿಯಲ್ಲಿ ವಿದ್ಯಾರ್ಥಿಗಳಿದ್ದರೆ ಮನೆಗೆ ಹೋಗುವ ಮುಂಚೆ ಅವರ ಜೊತೆ ಹತ್ತು ನಿಮಿಷ ಕೂರುತ್ತೇನೆ. ಅವರು ಏನು ನೋಡಿದರು ಎಂದು ಕೇಳುತ್ತೇನೆ. ಕೆಲವರು ಮಾತಾಡುತ್ತಾರೆ, ಕೆಲವರು ಅಳುತ್ತಾರೆ. ಮಾರನೇ ದಿನ ಮತ್ತೆ ಒಂದು ಸಲ ಫೋನ್ ಮಾಡುತ್ತೇನೆ. ನನಗೆ ಯಾರೂ ಹಾಗೆ ಮಾಡಿರಲಿಲ್ಲ. ಮೊದಲ ಮಗುವನ್ನು ಕಳೆದುಕೊಂಡ ರಾತ್ರಿ ನಾನು ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದೆ.

ಕೊನೇ_ವರ್ಷ

ಪೋಸ್ಟಿಂಗ್ ನಾಳೆ ಮುಗಿಯುತ್ತದೆ. ಹೇಳಿ ಹೋಗೋಣ ಎಂದು ಬಂದೆ.

ನನ್ನ ಪುಸ್ತಕದಲ್ಲಿ ಈಗ 140 ಮಕ್ಕಳಿದ್ದಾರೆ. ಹೆಸರಿಲ್ಲ, ವಯಸ್ಸು ಮತ್ತು ಎರಡು ಸಾಲು ಮಾತ್ರ. ಆ ದಿನ ಮಗುವನ್ನು ಎತ್ತಿಕೊಂಡು ಓಡಿದ ಸಿಸ್ಟರ್ ಹತ್ತಿರ ಹೋಗಿ ನಡೆದದ್ದಕ್ಕೆ ಕ್ಷಮೆ ಕೇಳಿದೆ. ಅವರು ಕ್ಷಮೆ ಬೇಡ, ಸಂಜೆ ಬಂದು ಪಕ್ಕ ಕೂರು ಎಂದರು. ಆವತ್ತಿನಿಂದ ದಿನಾ ಸಂಜೆ ಒಂದು ಗಂಟೆ ಕೂತೆ. ಅವರು ಒಂದು ಮಗು ಬಂದ ಕೂಡಲೇ ನನ್ನ ಕಡೆ ನೋಡುತ್ತಾರೆ. ನಾನು ಮೆಲ್ಲಗೆ 'ಕಾಯಬಹುದು' ಅಥವಾ 'ಒಳಗೆ' ಎನ್ನಬೇಕು. ಮೊದಲ ದಿನ ಅರ್ಧಕ್ಕರ್ಧ ತಪ್ಪು.

ಮೊನ್ನೆ ಒಂಬತ್ತು ತಿಂಗಳ ಹೆಣ್ಣುಮಗು ಬಂತು. ಬಂದಾಗ ಜೋರಾಗಿ ಅಳುತ್ತಿತ್ತು, ಕಾಲು ಹೊಟ್ಟೆಗೆ ಮಡಚಿಕೊಳ್ಳುತ್ತಿತ್ತು. ನಾನು 'ಕಾಯಬಹುದು' ಎಂದೆ. ಸಿಸ್ಟರ್ ಏನೂ ಹೇಳಲಿಲ್ಲ. ಐದು ನಿಮಿಷಕ್ಕೆ ಅಳು ನಿಂತಿತು. ಎಲ್ಲರಿಗೂ ಸಮಾಧಾನವಾಯಿತು. ನಾನು ಆ ಕಡೆ ನೋಡಿದೆ. ಮಗುವಿನ ತಲೆ ಅಮ್ಮನ ತೋಳಿನ ಮೇಲೆ ಜೋತು ಬಿದ್ದಿತ್ತು. ಮುಖ ಬಿಳಿಚಿತ್ತು. ನಾನು ಹತ್ತಿರ ಹೋದರೂ ಅದು ಅಮ್ಮನ ಕಡೆ ತಿರುಗಲಿಲ್ಲ. ಅಂಗೈ ಹಿಡಿದೆ. ಅಮ್ಮನನ್ನು ಆ ಪ್ರಶ್ನೆ ಕೇಳಿದೆ. 'ಅಳು ನಿಂತಾಗೆಲ್ಲಾ ಹೀಗೇ ಸತ್ತ ಹಾಗೆ ಆಗ್ತಾಳೆ, ಬೆಳಿಗ್ಗೆಯಿಂದ' ಎಂದರು. 'ಸಿಸ್ಟರ್, ಒಳಗೆ' ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅವರು ಆಗಲೇ ಎದ್ದಿದ್ದರು.

ಸ್ಕ್ಯಾನ್‌ನಲ್ಲಿ ಕರುಳು ಕರುಳೊಳಗೆ ಸೇರಿಕೊಂಡಿದ್ದು ಕಂಡಿತು. ಗಾಳಿ ಹಾಯಿಸಿ ಬಿಡಿಸಿದರು, ಆಪರೇಷನ್ ಬೇಕಾಗಲಿಲ್ಲ. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ನನ್ನನ್ನು ಕಂಡ ಕೂಡಲೇ ಅಮ್ಮನ ಹೆಗಲಿಗೆ ಮುಖ ಮುಚ್ಚಿಕೊಂಡು ಅಳಲು ಶುರು ಮಾಡಿದಳು.

ಅನಸ್ತೇಷಿಯಾ ಮೇಡಂ, ನೀವು ಹೇಳಿದಂತೆ ಇಲ್ಲಿನ ಥಿಯೇಟರ್‌ನಲ್ಲಿ ಕೇಳಿದೆ. ನಾಳೆ ಮಕ್ಕಳ ಲಿಸ್ಟ್ ಇದೆಯಂತೆ, ಏಳೂವರೆಗೆ ಬಾ ಎಂದಿದ್ದಾರೆ. ಇವತ್ತು ರಾತ್ರಿ ಬೊಂಬೆ ಕೊಡುತ್ತಾರೆ. ಭುಜದ ಕೆಳಗಿನ ಬಟ್ಟೆ ಎಷ್ಟು ದಪ್ಪ ಇರಬೇಕು ಎಂದು ನೀವು ಬರೆದಿರಲಿಲ್ಲ. ಸ್ವಲ್ಪ ಹೇಳುತ್ತೀರಾ?

ಅನಸ್ತೇಷಿಯಾ_ಮೇಡಂ

ಇಷ್ಟೇ ದಪ್ಪ ಎಂದು ಅಳತೆ ಇಲ್ಲ. ಮಗುವನ್ನು ಪಕ್ಕದಿಂದ ನೋಡಿ. ಕಿವಿಯ ತೂತು ಮತ್ತು ಭುಜದ ಮುಂಭಾಗ ಒಂದೇ ಮಟ್ಟಕ್ಕೆ ಬರಬೇಕು. ತಲೆ ತೀರಾ ಹಿಂದಕ್ಕೆ ಬಾಗಿದರೆ ಬಟ್ಟೆ ಜಾಸ್ತಿಯಾಯಿತು, ಒಂದು ಮಡಿಕೆ ಬಿಚ್ಚಿ.